ರೆಕ್ಕೆಯೊಳಗಿನ ಕೆರೆ

ಇಂಗ್ಲಿಷಿನ ‘ಟ್ಯಾಂಕ್’ ಪದ ಹುಟ್ಟಿದ್ದು ಭಾರತದಲ್ಲಿ ಎಂದು ನಿಘಂಟುಕಾರರು ಹೇಳುತ್ತಾರೆ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗಿದ್ದ ‘ಟಾಂಕೆ’ಯಂಥ ಮಾತು ಪೋರ್ಚುಗೀಸರ ನುಡಿಯೊಂದರ ಜೊತೆ ಕಲೆತು ಇಂಗ್ಲಿಷಿಗೆ ಸೇರಿತಂತೆ. ಹಾನಗಲ್ಲಿನ ಆನೆಕೆರೆಯಾಗಲಿ, ಸವಣೂರಿನ ಮೋತಿ ತಲಾಬಾಗಲಿ, ಶಿಗ್ಗಾವಿ ಸೀಮೆಯ ಕೆರೆಗಳಾಗಲಿ ಬ್ರಿಟಿಷ್ ಅಧಿಕಾರಿಗಳ ಬರಹದಲ್ಲಿ ಎಲ್ಲವೂ ಟ್ಯಾಂಕುಗಳೇ. ಹಿರೇಕೆರೂರಂತೂ ತನ್ನ ಹೆಸರಿನಲ್ಲೇ ಹಿರಿಯ ಕೆರೆಯೊಂದನ್ನು ಇಟ್ಟುಕೊಂಡ ಊರು. ಆ ಪದ ಮುಂದೆ ವಿಮಾನದ ರೆಕ್ಕೆಯೊಳಗೂ ಹೋಗಿ ಕುಳಿತಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯೂ ವಿಮಾನ ನಿಲ್ದಾಣವಿಲ್ಲ, ಹತ್ತಿರದ್ದೆಂದರೆ ಹುಬ್ಬಳ್ಳಿಯದು, ಹಿರೇಕೆರೂರಿಗಾದರೆ ಶಿವಮೊಗ್ಗದ್ದು. ಆದರೂ ಕೆರೆ ಏರಿಯ ಸೋರಿಕೆ ನೋಡಿದ ಇಲ್ಲಿನ ರೈತರಿಗೆ ವಿಮಾನದ ಟ್ಯಾಂಕಿನ ರಿಪೇರಿಯನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗದು ಎಂಬುದು ನನ್ನ ನಂಬಿಕೆ.

ಮೊದಮೊದಲು ಲಘು ವಿಮಾನದ ಟ್ಯಾಂಕು ಎಂದರೆ ಬರೀ ಒಂದು ಲೋಹದ ಡಬ್ಬ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಂಧನ ಬಂದದ್ದು ಎತ್ತಿನ ಗಾಡಿಯ ಮೇಲೆ, ಡಬ್ಬಗಳಲ್ಲಿ. ಅಂಥ ವಿಮಾನದ ಟ್ಯಾಂಕು ಸೋರಿದರೆ ಬಿಚ್ಚಿ ಕೆಳಗಿಳಿಸಿ, ಬಿಸಿನೀರಿನಲ್ಲೋ ಹಬೆಯಲ್ಲೋ ತೊಳೆದು ಬೆಸೆಯುತ್ತಿದ್ದರು. ತೊಳೆಯುವುದು ಶುಚಿತ್ವಕ್ಕಾಗಿ ಅಲ್ಲ, ಜೀವ ಉಳಿಸಿಕೊಳ್ಳಲು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ಉಳಿದ ಆವಿ ಗಾಳಿಯೊಡನೆ ಬೆರೆತು ಬೆಸುಗೆಯ ಬೆಂಕಿಗಾಗಿ ಕಾಯುತ್ತಿರುತ್ತದೆ.

ಡಬ್ಬ ಮಾಯವಾಗಿ ರೆಕ್ಕೆಯೇ ಟ್ಯಾಂಕಾದಾಗ ಕತೆ ಬದಲಾಯಿತು. ತೂಕ ಉಳಿಸಲು ರೆಕ್ಕೆಯ ತಗಡುಗಳ ಸಂದುಗಳನ್ನೇ ಮುಚ್ಚಿ, ಇಂಧನವನ್ನು ನೇರವಾಗಿ ಅದರೊಳಗೆ ತುಂಬುವುದು ಹೊಸ ವಿಧಾನ. 1935ರಲ್ಲಿ ಮೊದಲು ಹಾರಿದ ಅಮೆರಿಕದ ಕ್ಯಾಟಲಿನಾ ಈ ದಾರಿಯಲ್ಲಿ ಮುಂದಿದ್ದ ವಿಮಾನಗಳಲ್ಲೊಂದು. ಅದರ ಮೂಲ ವಿನ್ಯಾಸದ ರೆಕ್ಕೆಯಲ್ಲಿ 6,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತಿತ್ತು.

ಈ ಕ್ಯಾಟಲಿನಾ ಕನ್ನಡ ನಾಡಿಗೂ ಬಂತು. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಸೇನೆ ತನ್ನ ದುರಸ್ತಿ ಕೇಂದ್ರವಾಗಿ ಬಳಸತೊಡಗಿತು. ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ. ಓಡುಪಟ್ಟಿ ಬೇಡ, ಕೆರೆ ಬೇಕು. ಅದು ಬೆಳ್ಳಂದೂರು ಕೆರೆಯ ಮೇಲೆ ಇಳಿದು ಅಲ್ಲಿಂದ ಕಾರ್ಖಾನೆಗೆ ಬರುತ್ತಿತ್ತು. (ರೆಕ್ಕೆ ತುಂಬ ಪೆಟ್ರೋಲು ಹೊತ್ತ ವಿಮಾನಗಳನ್ನು ಇಳಿಸಿಕೊಂಡ ಆ ಕೆರೆಗೆ 2015ರಲ್ಲಿ ನೊರೆಯಿಂದಲೇ ಬೆಂಕಿ ಹತ್ತಿತು!) ಅಂಥ ರೆಕ್ಕೆಯ ಪೂರ್ಣ ದುರಸ್ತಿ ಎಂದರೆ ಸಂದುಗಳ ಪರೀಕ್ಷೆಯೂ ಸೇರಿದ್ದೇ. ಅಲ್ಲಿ ದುಡಿದ ಸಾವಿರಾರು ಸ್ಥಳೀಯ ಕೆಲಸಗಾರರ ಕೈಗೆ ಈ ವಿದ್ಯೆ ಬಂದದ್ದು ಪುಸ್ತಕದಿಂದಲ್ಲ.

ಇಂದು ಈ ಏರ್ಪಾಡು ಪುಟ್ಟ ಖಾಸಗಿ ವಿಮಾನಗಳಿಗೂ ಇಳಿದಿದೆ. ಸೆಸ್ನಾ 152ರಲ್ಲಿ ಟ್ಯಾಂಕು ಬೇರೆ ಡಬ್ಬವೇ. ಆದರೆ ಹೊಸ ಮಾದರಿಯ ಸೆಸ್ನಾ 172ರಲ್ಲಿ ರೆಕ್ಕೆಯ ಭಾಗವೇ ಟ್ಯಾಂಕು. ಸಂದು ಮುಚ್ಚುವ ರಬ್ಬರಿನಂಥ ಅಂಟು ಪಾಲಿಸಲ್ಫೈಡ್. 1920ರ ದಶಕದಲ್ಲಿ ಅಮೆರಿಕದಲ್ಲಿ ಬೇರೇನನ್ನೋ ಹುಡುಕುವಾಗ ಸಿಕ್ಕ ದುರ್ನಾತದ ವಸ್ತು ಇದರ ಮೂಲ. ವರ್ಷಗಟ್ಟಲೆ ರೆಕ್ಕೆ ಬಾಗಿ ಬಳುಕಿ, ಬಿಸಿಲಿಗೆ ಕಾದು ಈ ಅಂಟು ಬಿರುಕು ಬಿಡುತ್ತದೆ. ಆಗ ರೆಕ್ಕೆಯ ಅಡಿಯಲ್ಲಿ ನೀಲಿ ಕಲೆ ಮೂಡುತ್ತದೆ, ಏಕೆಂದರೆ ಈ ವಿಮಾನಗಳ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ.

ಕಲೆ ಕಂಡಲ್ಲೇ ತೂತಿದೆ ಎಂದುಕೊಂಡರೆ ಕೆಟ್ಟಿತು. ಒಳಗೆ ಒಂದು ಮೂಲೆಯಲ್ಲಿ ಹೊರಟ ಹನಿ ಪಟ್ಟಿಯ ಗುಂಟ ಹರಿದು, ಅರ್ಧ ಮಾರು ದೂರದ ರಿವೆಟ್ಟಿನಲ್ಲಿ ಹೊರಬೀಳಬಹುದು. ಹೊರಗಿನಿಂದ ಮೆತ್ತಿದ ಅಂಟು ಕೆಲವು ದಿನ ಮಾನ ಕಾಯುತ್ತದೆ, ಅಷ್ಟೆ. ಸರಿಯಾದ ಕೆಲಸಕ್ಕೆ ಟ್ಯಾಂಕು ಬರಿದು ಮಾಡಿ, ಮುಚ್ಚಳ ತೆಗೆದು, ಆವಿ ಹೋಗುವ ತನಕ ಗಾಳಿ ಹಾಯಿಸಬೇಕು. ಒಳಗೆ ತೀರ ಅಲ್ಪ ಒತ್ತಡದ ಗಾಳಿ ಕೊಟ್ಟು, ಹೊರಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು; ಒತ್ತಡ ಹೆಚ್ಚಾದರೆ ರೆಕ್ಕೆಯೇ ಹಾಳು. ಆಮೇಲೆ ಕೈ ತೂರಿಸಿ, ತಗಡು ಗೀಚದಂತೆ ಪ್ಲಾಸ್ಟಿಕ್ಕಿನದೋ ಕಟ್ಟಿಗೆಯದೋ ಉಳಿಯಿಂದ ಹಳೆಯ ಅಂಟನ್ನು ಕೆರೆದು ತೆಗೆಯುವುದು. ಬೇಸರದ, ನಿಧಾನದ ಕೆಲಸ. ಎಣ್ಣೆಯ ಪಸೆ ಉಳಿದರೆ ಹೊಸ ಅಂಟು ಹಿಡಿಯುವುದಿಲ್ಲ.

ಕೆರೆ ಏರಿಯ ಸೋರಿಕೆಯೂ ಹೀಗೆಯೇ. ಏರಿಯ ಹೊರಮೈಯಲ್ಲಿ ಜಿನುಗು ಕಂಡಾಗ ಅಲ್ಲೇ ಮಣ್ಣು ಮೆತ್ತಿದರೆ ನೀರು ಒಳಗೇ ತಡೆದು ಏರಿಯನ್ನು ಸಡಿಲಿಸುತ್ತದೆ. ಮುಚ್ಚಬೇಕಾದದ್ದು ಒಳಮೈಯನ್ನು, ನೀರು ತಾಗುವ ಕಡೆಯನ್ನು. ಜೇಡಿಮಣ್ಣು ತುಳಿದು, ಪದರ ಪದರವಾಗಿ. ತೂಬಿನ ಸುತ್ತ ಕಣ್ಣಿಡಬೇಕು, ವಿಮಾನದಲ್ಲಿ ಮುಚ್ಚಳ, ಕೊಳವೆಗಳ ಸುತ್ತ ಇಟ್ಟಂತೆ. ಎರಡು ವಸ್ತುಗಳು ಸೇರುವಲ್ಲೇ ಸೋರಿಕೆ ಶುರು. ಹಿರೇಕೆರೂರಿನ ಕಡೆ ಕುಮುದ್ವತಿಗೆ ಅಡ್ಡಲಾಗಿ ಎದ್ದ ಮದಗ ಮಾಸೂರು ಕೆರೆಯ ಹಳೆಯ ಭಾರಿ ಏರಿ ಒಡೆದ ಬಳಿಕ ಉಳಿದದ್ದು ಮೊದಲಿಗಿಂತ ಚಿಕ್ಕ ಕೆರೆ.

ನಮ್ಮ ಶಾಸನಗಳು ಕೆರೆ ಕಟ್ಟಿಸಿದವರನ್ನು ಹೊಗಳುತ್ತವೆ, ಸರಿ. ನನಗೆ ಅವುಗಳಲ್ಲಿ ಹೆಚ್ಚು ಇಷ್ಟವಾಗುವುದು ಬಿತ್ತುವಟ್ಟ, ಕಟ್ಟುಕೊಡಗೆಗಳು. ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿಯ ಲೆಕ್ಕ. ಹೂಳು ಹೊತ್ತ ಆಳಿನ ಹೆಸರು ಮಾತ್ರ ಅಲ್ಲಿ ಸಿಗುವುದು ಅಪರೂಪ. ವಿಮಾನಕ್ಕೆ ಈ ಮಟ್ಟಿಗೆ ಹೆಚ್ಚಿನ ನ್ಯಾಯವಿದೆ: ಪ್ರತಿ ದುರಸ್ತಿಯೂ ಲಾಗ್ ಪುಸ್ತಕಕ್ಕೆ ಏರಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ತನ್ನ ಹೆಸರಿನಲ್ಲಿ ಸಹಿ ಹಾಕಬೇಕು. ಆ ಸಹಿಗೆ ಮೊದಲು ಅಂಟು ಒಣಗಿ, ಟ್ಯಾಂಕು ತುಂಬಿಸಿ, ವಿಮಾನವನ್ನು ಸುಮ್ಮನೆ ನಿಲ್ಲಿಸಿ ಕಾಯುತ್ತಾರೆ. ಆಮೇಲೆ ಯಾರೋ ಒಬ್ಬರು ಬ್ಯಾಟರಿ ಹಿಡಿದು ರೆಕ್ಕೆಯ ಕೆಳಗೆ ಬಗ್ಗಿ ನೀಲಿ ಹುಡುಕುತ್ತಾರೆ.