ಗೇಣುದ್ದದ ಬೇಸಿಗೆ

ಏಪ್ರಿಲ್ ಮಧ್ಯಾಹ್ನ, ರಸ್ತೆಯ ಟಾರು ಮೆತ್ತಗಾಗುವ ಹೊತ್ತಿನಲ್ಲಿ, ಪುಣೆಯ ಶಿವಾಜಿನಗರದ ಒಂದು ಚೌಕದ ಹೆಸರು ಕೇಳಿದರೆ ಹೊಸಬರಿಗೆ ನಗು ಬರಬೇಕು: ಸಿಮ್ಲಾ ಆಫೀಸ್. ಹೆಸರಿನ ಹಿಂದೆ ಕುಚೋದ್ಯವೇನಿಲ್ಲ. 1928ರಲ್ಲಿ ಭಾರತದ ಹವಾಮಾನ ಇಲಾಖೆ ತನ್ನ ಕೇಂದ್ರ ಕಚೇರಿಯನ್ನು ಸಿಮ್ಲಾ ಬೆಟ್ಟದಿಂದ ಇಳಿಸಿ ಇಲ್ಲಿನ ಕಲ್ಲುಕಟ್ಟಡಕ್ಕೆ ತಂದಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಕೇಂದ್ರ ಕಚೇರಿ ದೆಹಲಿಗೆ ಹೋಯಿತು, ಹೆಸರು ಮಾತ್ರ ಊರಲ್ಲೇ ಉಳಿಯಿತು. ಈ ಭಾಗದಿಂದ ಹಿಂಜವಾಡಿಗೆ ಎಳೆದಿರುವ ಮೆಟ್ರೊ ಮಾರ್ಗದ ಉದ್ದ ಸುಮಾರು 23 ಕಿಲೋಮೀಟರ್. ಹಿಂಜವಾಡಿಯ ಬಾಲ್ಕನಿಗಳಲ್ಲಿ ವೈಶಾಖದ ಬಿಸಿಲಿಗೆ ಸೊರಗುವ ಕುಂಡಗಳ ಕಥೆಗೂ ಈ ಚೌಕಕ್ಕೂ ನಂಟಿದೆ.

ಹಿಂಜವಾಡಿ ಈಗ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕಿನ ಊರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇನ್ಫೊಸಿಸ್ ಸೇರಿದಂತೆ ಹತ್ತಾರು ಕಂಪನಿಗಳು ಇಲ್ಲಿವೆ. ಅವುಗಳ ಬೆನ್ನಿಗೆ ಬಂದ ಕನ್ನಡ ಕುಟುಂಬಗಳು ಹಿತ್ತಲನ್ನು ಊರಲ್ಲೇ ಬಿಟ್ಟು, ಅದರ ಒಂದು ತುಣುಕನ್ನು ಬಾಲ್ಕನಿಗೆ ತಂದುಕೊಂಡಿವೆ: ಕರಿಬೇವು, ದೊಡ್ಡಪತ್ರೆ, ತುಳಸಿ, ಒಂದು ಟಬ್ಬಿನಲ್ಲಿ ಮೆಂತ್ಯ, ಇನ್ನೊಂದರಲ್ಲಿ ಟೊಮೆಟೊ. ಯುಗಾದಿಯವರೆಗೆ ಎಲ್ಲವೂ ಚೆನ್ನ. ಆಮೇಲೆ ಎಲೆಯ ಅಂಚು ಕಂದುತ್ತದೆ. ಟೊಮೆಟೊ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ದಿನಾ ನೀರು ಹಾಕಿದರೂ ಹೀಗೇಕೆ ಎಂಬ ಪ್ರಶ್ನೆ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಏಳುತ್ತದೆ.

ಪ್ರಶ್ನೆ ಹಳೆಯದು. ಐಟಿ ಬರುವ ಮುಂಚೆ ಇದು ಮುಳಶಿ ತಾಲ್ಲೂಕಿನ ಭತ್ತ, ಕಬ್ಬಿನ ಸೀಮೆ. ಮಾವಿನ ಹೂವಿನ ಕಂಪಿನ ಆಂಬೆಮೋಹರ್ ಅಕ್ಕಿಗೆ ಹೆಸರಾದದ್ದು. ಚೈತ್ರದಲ್ಲಿ ಮ್ಹಾತೋಬಾ ದೇವರ ಜಾತ್ರೆ ಮುಗಿದರೆ ಹೊಲಗಳು ಬೋಳು. ಆ ಬೋಳು ನೆಲದ ಲೆಕ್ಕವನ್ನು ಮನೆಮನೆಗೆ ಹೋಗಿ ಬರೆದುಕೊಂಡವನು ಹೆರಾಲ್ಡ್ ಮ್ಯಾನ್. ಅಸ್ಸಾಮಿನ ಚಹಾ ತೋಟಗಳಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ಈ ಇಂಗ್ಲಿಷಿನವನು 1907ರಲ್ಲಿ ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲನಾದ. ಹಿಂಜವಾಡಿಯ ನೆರೆಯಲ್ಲೇ, ಪವನಾ ನದಿಯ ದಂಡೆಯಲ್ಲಿರುವ ಪಿಂಪಳೆ ಸೌದಾಗರ್ ಹಳ್ಳಿಯ ಮೇಲೆ ಅವನು ಮಾಡಿದ ಅಧ್ಯಯನ 1917ರಲ್ಲಿ ಪುಸ್ತಕವಾಯಿತು. 156 ಜನ ಹಿಡುವಳಿದಾರರ ನೆಲ 718 ತುಂಡುಗಳಾಗಿತ್ತು. ಅವುಗಳಲ್ಲಿ 463 ತುಂಡುಗಳು ಒಂದು ಎಕರೆಗೂ ಕಮ್ಮಿ, 112 ತುಂಡುಗಳು ಕಾಲು ಎಕರೆಗೂ ಕಮ್ಮಿ. 1771ರಲ್ಲಿ ಸರಾಸರಿ 40 ಎಕರೆ ಇದ್ದ ಹಿಡುವಳಿ 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತು.

ಮ್ಯಾನ್ ತುಂಡು ಎಣಿಸಿದ ಆ ಹಳ್ಳಿ ಇಂದು ಪಿಂಪ್ರಿ-ಚಿಂಚ್‌ವಡ್ ನಗರದ ಬಡಾವಣೆ. ಅಲ್ಲಿ ಈಗ ನೆಲವನ್ನು ಚದರಡಿಯಲ್ಲಿ ಅಳೆಯುತ್ತಾರೆ.

ಬೇಸಿಗೆಯಲ್ಲಿ ಹಸಿರು ಉಳಿಯುವುದು ಬಾವಿಯ ಸುತ್ತ ಮಾತ್ರ ಎಂಬುದು ದಖ್ಖನಿನ ಕಂದಾಯದ ಪುಸ್ತಕಗಳಲ್ಲೇ ದಾಖಲಾಗಿದೆ. ಮರಾಠಿ ಜಿರಾಯತ್ ಎಂದರೆ ಕನ್ನಡದ ಖುಷ್ಕಿ, ಮಳೆ ನಂಬಿದ ಹೊಲ. ಬಾಗಾಯತ್ ಎಂದರೆ ನಮ್ಮ ಬಾಗಾಯ್ತು. ಎತ್ತು ಕಟ್ಟಿ, ತೊಗಲ ಬಾನಿಯಲ್ಲಿ ಕಪಿಲೆ ಹೊಡೆದು ನೀರೆತ್ತುವ ತೋಟ. ಮನೆಯ ಹಿಂದಿನ ಪರಸ್‌ಬಾಗ್ ಅಂದರೆ ಹಿತ್ತಲು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿನಲ್ಲಿ ಬದುಕಿದ್ದು. ಪುಣೆ ಪೇಟೆಯೊಳಗೂ ಅದೇ ನಿಯಮ. 1750ರ ಆಸುಪಾಸಿನಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಕಲ್ಲಿನ ಕಾಲುವೆಯಲ್ಲಿ ನೀರು ತಂದ. ತುಳಶೀಬಾಗ್, ಬೇಲಬಾಗ್, ಹೀರಾಬಾಗ್ ಎಂದು ‘ಬಾಗ್’ ಹೊತ್ತ ಹೆಸರುಗಳು ಪೇಶ್ವೆ ಕಾಲದ ಆ ತೋಟಗಳ ಗುರುತು.

ನೀರಿನ ಮಾತು ಎಲ್ಲರಿಗೂ ಗೊತ್ತಿತ್ತು. ಬಿಸಿಯ ಮಾತನ್ನು ಸರಿಯಾಗಿ ಕೇಳಿದವರು ಎಲ್.ಎ. ರಾಮದಾಸ್. ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಇವರು ಹವಾಮಾನ ಇಲಾಖೆ ಸೇರಿ, 1932ರಲ್ಲಿ ಪುಣೆಯಲ್ಲಿ ಶುರುವಾದ ಕೃಷಿ ಹವಾಮಾನ ವಿಭಾಗದ ಹೊಣೆ ಹೊತ್ತರು. ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಎತ್ತರದ ನೆರಳಲ್ಲಿ. 1897ರ ಏಪ್ರಿಲ್ 30ರಂದು ಪುಣೆಯಲ್ಲಿ ದಾಖಲಾದ 43.3 ಡಿಗ್ರಿ ಸೆಲ್ಸಿಯಸ್ ಕೂಡ ನೆರಳಿನ ಲೆಕ್ಕವೇ. ಆದರೆ ಮೆಂತ್ಯದ ಮೊಳಕೆ ನಾಲ್ಕಡಿ ಎತ್ತರದಲ್ಲಿ ಇರುವುದಿಲ್ಲ, ನೆರಳಲ್ಲೂ ಇರುವುದಿಲ್ಲ. ಅದರ ಬಾಳೆಲ್ಲ ನೆಲದಿಂದ ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ. ಅಲ್ಲಿ ಬೇರೆಯೇ ಹವೆ. ಬೇಸಿಗೆಯ ನಡುಮಧ್ಯಾಹ್ನ ಬರಿಯ ಕಪ್ಪುಮಣ್ಣಿನ ಮೇಲ್ಮೈ 60 ಡಿಗ್ರಿಯನ್ನೂ ದಾಟುತ್ತದೆ. ನಾಲ್ಕಾರು ಬೆರಳು ಆಳಕ್ಕೆ ಹೋದರೆ ಬಿಸಿ ಥಟ್ಟನೆ ಇಳಿಯುತ್ತದೆ. ರಾಮದಾಸ್ ಮತ್ತು ಅವರ ಜೊತೆಗಾರರು ಕೈಹಾಕಿದ್ದು ಈ ಗೇಣುದ್ದದ ಬೇಸಿಗೆಗೆ.

ಅವರ ಒಂದು ಪ್ರಯೋಗ ತೀರ ಸರಳ. 1930ರ ದಶಕದಲ್ಲಿ ರಾಮದಾಸ್ ಮತ್ತು ಆರ್.ಕೆ. ದ್ರಾವಿಡ್ ಕಪ್ಪುಮಣ್ಣಿನ ಮೇಲೆ ಬಿಳಿ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹರಡಿದರು. ಬಿಸಿಲನ್ನು ಹೀರುತ್ತಿದ್ದ ನೆಲ ಅದನ್ನು ಹಿಂದಕ್ಕೆ ಎಸೆಯತೊಡಗಿತು. ಮೇಲ್ಮೈ ಮಾತ್ರವಲ್ಲ, ಒಳಗಿನ ಮಣ್ಣೂ ತಣ್ಣಗಾಯಿತು. ಮಲೆನಾಡಿನ ಅಡಿಕೆ ತೋಟದವರು ಇದನ್ನು ಕೇಳಿದ್ದರೆ ತಲೆಯಾಡಿಸುತ್ತಿದ್ದರು. ಪಡುವಣ ಬಿಸಿಲಿಗೆ ಅಡಿಕೆಮರದ ಕಾಂಡ ಸೀಳಬಾರದೆಂದು ಅವರು ಸುಣ್ಣ ಬಳಿಯುತ್ತಾರೆ, ಇಲ್ಲವೇ ಸೋಗೆ ಕಟ್ಟುತ್ತಾರೆ. ಬುಡಕ್ಕೆ ಸೊಪ್ಪು, ದರಗು ಮುಚ್ಚುತ್ತಾರೆ. ಸೀಮೆಸುಣ್ಣದ ಪುಡಿ ಪ್ರಯೋಗಕ್ಕೆ ಸರಿ. ಹಿತ್ತಲಿಗೆ ದರಗೇ ಸಾಕು, ಮಳೆ ಬಿದ್ದ ಮೇಲೆ ಗೊಬ್ಬರವೂ ಆಗುತ್ತದೆ.

ರಾತ್ರಿಯದು ಇನ್ನೂ ವಿಚಿತ್ರ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ನೆಲಕ್ಕೆ ತಾಗಿದ ಗಾಳಿಯೇ ಎಲ್ಲಕ್ಕಿಂತ ತಣ್ಣಗೆ ಎಂದು ಪುಸ್ತಕಗಳು ಹೇಳುತ್ತಿದ್ದವು. 1932ರಲ್ಲಿ ರಾಮದಾಸ್ ಮತ್ತು ಆತ್ಮನಾಥನ್ ಅಳೆದು ನೋಡಿದಾಗ ಅತಿ ತಂಪು ಪದರ ನೆಲದಿಂದ ಗೇಣು, ಮೊಳ ಮೇಲೆ ತೇಲುತ್ತಿತ್ತು. ಹೊರದೇಶದ ವಿಜ್ಞಾನಿಗಳು ಬಹಳ ಕಾಲ ಇದನ್ನು ನಂಬಲಿಲ್ಲ, ಅಳತೆಯ ದೋಷವೆಂದರು. ಇದಕ್ಕೊಂದು ಸಿದ್ಧಾಂತ ಕಟ್ಟಿಕೊಟ್ಟದ್ದು ಬೆಂಗಳೂರು: 1993ರಲ್ಲಿ ವಾಸುದೇವ ಮೂರ್ತಿ, ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ ಅವರು ನೆಲ ಮತ್ತು ಗಾಳಿ ಶಾಖವನ್ನು ಸೂಸುವ ಬಗೆಯಿಂದ ಅದನ್ನು ವಿವರಿಸಿದರು. ಆ ಪದರಕ್ಕೆ ಈಗ ‘ರಾಮದಾಸ್ ಪದರ’ ಎಂದೇ ಹೆಸರು.

ಬಾಲ್ಕನಿಗೆ ಮರಳಿದರೆ ಕುಂಡದ ಪಾಡು ಅರ್ಥವಾಗುತ್ತದೆ. ಹೊಲದ ಗಿಡಕ್ಕೆ ಬಿಸಿ ಮೇಲಿಂದ ಮಾತ್ರ. ಬೇರು ತಂಪನ್ನು ಹುಡುಕಿ ಕೆಳಗೆ ಇಳಿಯುತ್ತದೆ. ಕುಂಡಕ್ಕೆ ಬದಿಗಳೂ ಕಾಯುತ್ತವೆ, ಕೆಳಗಿನ ಕಾಂಕ್ರೀಟೂ ಕಾಯುತ್ತದೆ. ಗೋಡೆ ರಾತ್ರಿಯೂ ಶಾಖ ಬಿಡುತ್ತದೆ. ಕರಿ ಪ್ಲಾಸ್ಟಿಕ್ಕಿನ ಚೀಲವಾದರೆ ಕೇಳುವುದೇ ಬೇಡ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಉಳಿದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಅದಕ್ಕೆ ನೀರಿನ ಮದ್ದು ನಾಟುವುದಿಲ್ಲ. ನೀರು ಹೀರುವ ಮಣ್ಣಿನ ಕುಂಡದ ಗೋಡೆ ಬೆವರಿ ತಂಪಾಗುತ್ತದೆ, ಅಷ್ಟೇ ಬೇಗ ಒಣಗುತ್ತದೆ. ಹಾಗಾಗಿ ಹಿಂಜವಾಡಿಯಲ್ಲಿ ಬಿಳಿ ಬಟ್ಟೆ ಸುತ್ತಿದ ಕುಂಡ, ಮೇಲೆ ತೆಂಗಿನ ನಾರು, ಒಂದಕ್ಕೊಂದು ಒತ್ತಿ ಇಟ್ಟ ಸಾಲು ಕಂಡರೆ, ಅದು ದ್ರಾವಿಡರ ಪುಡಿ ಮತ್ತು ಅಡಿಕೆಯ ಸೋಗೆ ಒಟ್ಟಿಗೆ ಏಳನೇ ಮಹಡಿ ಹತ್ತಿದಂತೆ.

ಬೇಸಿಗೆಯ ಕೊನೆಯನ್ನು ಇಲ್ಲಿಯ ಹಳಬರು ಕ್ಯಾಲೆಂಡರಿನಲ್ಲಿ ನೋಡುತ್ತಿರಲಿಲ್ಲ. ಮಧ್ಯಾಹ್ನ ಮೋಡ ಕಟ್ಟಿ, ಧೂಳೆದ್ದು, ಗುಡುಗಿ ಸುರಿಯುವ ಮಳೆಗೆ ಮರಾಠಿಯಲ್ಲಿ ವಳೀವ್; ಬೆಳಗಾವಿ, ಧಾರವಾಡದ ಕಡೆ ಅಡ್ಡಮಳಿ. ನಕ್ಷತ್ರದ ಎಣಿಕೆ ಎರಡೂ ಕಡೆ ಒಂದೇ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಏಪ್ರಿಲ್ ಕೊನೆ, ಮೇ ಮೊದಲ ವಾರದ ಮಳೆಯದು. ಮುಂಗಾರು ಪುಣೆ ಮುಟ್ಟುವುದು ವಾಡಿಕೆಯಂತೆ ಜೂನ್ 10ರ ಆಸುಪಾಸಿನಲ್ಲಿ. 2025ರಲ್ಲಿ ಅದು ಮೇ 26ಕ್ಕೇ ಬಂದುಬಿಟ್ಟಿತು. ರೋಹಿಣಿಯಲ್ಲಿ ಬಿತ್ತಲು ಕಾದಿದ್ದ ಬೀಜದ ಪೊಟ್ಟಣಗಳು ಪೊಟ್ಟಣದಲ್ಲೇ ಇದ್ದವು.

ಹವಾಮಾನ ಇಲಾಖೆಯ ಕೃಷಿ ವಿಭಾಗ ಇಂದಿಗೂ ಶಿವಾಜಿನಗರದಲ್ಲಿದೆ. ರೈತರಿಗಾಗಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಸಲಹೆ ಹೊರಡುತ್ತದೆ: ಎಷ್ಟು ಬಿಸಿಲು, ಯಾವಾಗ ನೀರು, ಎಳೆ ಸಸಿಗೆ ಹೊದಿಕೆ ಹಾಕಬೇಕೆ. ಮುಳಶಿಯಲ್ಲಿ ಉಳಿದಿರುವ ಭತ್ತದ ಗದ್ದೆಗಳಿಗೆ ಬರುವ ಆ ಸಲಹೆ, ಅದೇ ತಾಲ್ಲೂಕಿನ ಮೊಬೈಲುಗಳಿಗೂ ಸಿಗುತ್ತದೆ. ವಿಡಿಯೊ ಮೀಟಿಂಗಿನ ನಡುವೆ ಎದ್ದು ಹೋಗಿ ಕರಿಬೇವಿನ ಕುಂಡವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ ಬರುವವರಿಗೆ ಅದು ಓದಲು ಎರಡು ನಿಮಿಷದ ಕೆಲಸ.