ಅಂತರರಾಷ್ಟ್ರೀಯ ಶ್ರಮದಾನ ಶಿಬಿರ

ಅಂತರರಾಷ್ಟ್ರೀಯ ಶ್ರಮದಾನ ಶಿಬಿರವು ವಿವಿಧ ದೇಶಗಳ ಯುವಜನರು ಒಂದು ಊರಿನಲ್ಲಿ ಕೆಲವು ವಾರ ಒಟ್ಟಿಗೆ ವಾಸಿಸಿ, ಆ ಊರಿಗೆ ಬೇಕಾದ ಕೆಲಸವೊಂದನ್ನು ವೇತನವಿಲ್ಲದೆ ಮಾಡುವ ಕಾರ್ಯಕ್ರಮವಾಗಿದೆ. ಪಠ್ಯಕ್ರಮ ಮತ್ತು ಪರೀಕ್ಷೆಗಳ ಹೊರಗೆ, ಆದರೆ ಯೋಜಿತ ರೀತಿಯಲ್ಲಿ ನಡೆಯುವ ಕಲಿಕೆಯಾದ್ದರಿಂದ ಇದನ್ನು ಅನೌಪಚಾರಿಕ ಶಿಕ್ಷಣದ ಒಂದು ರೂಪವೆಂದು ಪರಿಗಣಿಸಲಾಗುತ್ತದೆ. ಕೆಲಸದಷ್ಟೇ ಅದನ್ನು ಮಾಡುವವರ ನಡುವೆ ಬೆಳೆಯುವ ಪರಸ್ಪರ ಅರಿವಿಗೂ ಇದರಲ್ಲಿ ಮಹತ್ವವಿದೆ.

ಇತಿಹಾಸ

ಮೊದಲ ಶಿಬಿರವು 1920ರ ನವೆಂಬರ್‌ನಲ್ಲಿ ಫ್ರಾನ್ಸಿನ ವೆರ್ಡುನ್ ಸಮೀಪದ ಎನ್-ಆನ್-ಅರ್ಗೋನ್ ಗ್ರಾಮದಲ್ಲಿ ಆರಂಭವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಈ ಗ್ರಾಮ ನೆಲಸಮವಾಗಿತ್ತು. ಸ್ವಿಟ್ಜರ್ಲೆಂಡಿನ ಶಾಂತಿವಾದಿ ಎಂಜಿನಿಯರ್ ಪಿಯರ್ ಸೆರೆಸೋಲ್ (1879–1945) ಅವರ ನೇತೃತ್ವದ ಸಣ್ಣ ತಂಡದಲ್ಲಿ ಜರ್ಮನರೂ ಇದ್ದರು. ತಂಡವು ತಾತ್ಕಾಲಿಕ ಮನೆಗಳನ್ನು ಕಟ್ಟಿತು, ಶೆಲ್ ದಾಳಿಯಿಂದ ಹೊಲಗಳಲ್ಲಿ ಬಿದ್ದ ಗುಂಡಿಗಳನ್ನು ಮುಚ್ಚಿತು. ಆದರೆ ಜರ್ಮನರ ಉಪಸ್ಥಿತಿಗೆ ವಿರೋಧ ವ್ಯಕ್ತವಾದ ಕಾರಣ 1921ರಲ್ಲಿ ಕೆಲಸ ನಿಂತುಹೋಯಿತು. ಜರ್ಮನರನ್ನು ಕಳುಹಿಸಿ ಉಳಿದವರು ಮುಂದುವರಿದಿದ್ದರೆ ಶಿಬಿರದ ಉದ್ದೇಶವೇ ವಿಫಲವಾಗುತ್ತಿತ್ತು.

ಈ ಪ್ರಯತ್ನದಿಂದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆ ಬೆಳೆಯಿತು. 1928ರಲ್ಲಿ ಪ್ರವಾಹಪೀಡಿತ ಲಿಚ್‌ಟೆನ್‌ಸ್ಟೈನ್‌ನ ಶಿಬಿರದಲ್ಲಿ 700ಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು. 1948ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಇಂತಹ ಸಂಸ್ಥೆಗಳ ಸಮನ್ವಯ ಸಮಿತಿಯೊಂದು ರಚನೆಯಾಯಿತು.

ಭಾರತದಲ್ಲಿ

1931ರಲ್ಲಿ ಸ್ವಿಟ್ಜರ್ಲೆಂಡಿಗೆ ಬಂದಿದ್ದ ಮಹಾತ್ಮ ಗಾಂಧಿಯವರನ್ನು ಸೆರೆಸೋಲ್ ಭೇಟಿಯಾಗಿದ್ದರು. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪ ಸಂಭವಿಸಿದ ನಂತರ ಅವರು ಅಲ್ಲಿಗೆ ಬಂದರು. ಭೂಕಂಪದಿಂದ ನೆಲದ ಮಟ್ಟ ಬದಲಾಗಿ ಪ್ರವಾಹದ ಭೀತಿ ಹೆಚ್ಚಿದ್ದ ಮುಜಫರ್‌ಪುರ ಪ್ರದೇಶದಲ್ಲಿ, ಹಳ್ಳಿಗಳನ್ನು ಎತ್ತರದ ಜಾಗಗಳಲ್ಲಿ ಮರಳಿ ಕಟ್ಟುವ ಕಾರ್ಯದಲ್ಲಿ ಕೆಲವೇ ಯುರೋಪಿಯನ್ ಸಂಗಡಿಗರು ಸ್ಥಳೀಯರೊಡನೆ ದುಡಿದರು.

ಕಲಿಕೆಯ ವಿಧಾನ

ಶಿಬಿರಗಳು ಸಾಮಾನ್ಯವಾಗಿ ಎರಡು ಅಥವಾ ಮೂರು ವಾರ ನಡೆಯುತ್ತವೆ. ಹಗಲಿನ ಕೆಲಸದ ಜೊತೆಗೆ ಅಡುಗೆ, ಶುಚಿತ್ವ ಮತ್ತು ಖರ್ಚಿನ ಲೆಕ್ಕವನ್ನು ಶಿಬಿರಾರ್ಥಿಗಳು ಸರದಿಯಂತೆ ನೋಡಿಕೊಳ್ಳುತ್ತಾರೆ. ಸಂಜೆ ಚರ್ಚೆಗಳು ನಡೆಯುತ್ತವೆ. ಊಟದ ರೂಢಿ, ಸಮಯಪಾಲನೆ, ಭಾಷೆ ಮುಂತಾದವುಗಳಿಂದ ಉಂಟಾಗುವ ಭಿನ್ನಾಭಿಪ್ರಾಯಗಳನ್ನು ಕಲಿಕೆಗೆ ಅಡ್ಡಿಯೆಂದು ಭಾವಿಸದೆ, ಕಲಿಕೆಯ ವಸ್ತುವಾಗಿಯೇ ಬಳಸಿಕೊಳ್ಳಲಾಗುತ್ತದೆ. ಶಿಬಿರದ ನಾಯಕನು ಬೋಧಕನಲ್ಲ. ಎಲ್ಲರೂ ಮಾತನಾಡುವಂತೆ ಅವಕಾಶ ಕಲ್ಪಿಸುವುದು ಅವನ ಹೊಣೆ.

ಇಲ್ಲಿ ಅಂಕಗಳಿಲ್ಲ. ಐರೋಪ್ಯ ಒಕ್ಕೂಟದ ಯುವ ಕಾರ್ಯಕ್ರಮಗಳಲ್ಲಿ 2007ರಿಂದ ಬಳಕೆಯಲ್ಲಿರುವ ಯೂತ್‌ಪಾಸ್ ಪ್ರಮಾಣಪತ್ರದಲ್ಲಿಯೂ ತಾನು ಕಲಿತದ್ದೇನೆಂಬುದನ್ನು ಭಾಗವಹಿಸಿದವರೇ ಬರೆಯುತ್ತಾರೆ.

ಮಿತಿಗಳು

ಪ್ರಯಾಣವೆಚ್ಚ ಹಾಗೂ ವೀಸಾ ನಿಯಮಗಳಿಂದಾಗಿ ಬಡ ದೇಶಗಳ ಯುವಜನರಿಗೆ ಈ ಅವಕಾಶ ಸುಲಭವಾಗಿ ದೊರೆಯುವುದಿಲ್ಲ. ಊರಿನವರನ್ನು ಕೇಳದೆ ಕೆಲಸವನ್ನು ಆರಿಸಿದರೆ ಶಿಬಿರವು ಪ್ರವಾಸವಾಗಿ ಉಳಿಯುತ್ತದೆ. ಸ್ಥಳೀಯ ಕೂಲಿಕಾರರ ದುಡಿಮೆಯನ್ನು ಕಸಿಯುವ ಅಪಾಯವೂ ಇದೆ. ಆದ್ದರಿಂದ ಕೆಲಸದ ಆಯ್ಕೆಯಲ್ಲಿ ಸ್ಥಳೀಯರ ಅಭಿಪ್ರಾಯವನ್ನು ಪಡೆಯುವುದು ಅಗತ್ಯವೆಂದು ಪರಿಗಣಿಸಲಾಗಿದೆ.