ಹಿರಿಯರ ಆರೈಕೆ ಹಾಗೂ ಆರೈಕೆದಾರರ ಸಂಘಟನೆ: ಗಾಂಧಿ ಬಜಾರಿನ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಬೆಂಗಳೂರಿನ ಸಾಮಾಜಿಕ ಚರಿತ್ರೆಯಲ್ಲಿ ಬಸವನಗುಡಿ ಬಡಾವಣೆಗೂ ಅದರ ಹೃದಯಭಾಗವಾದ ಗಾಂಧಿ ಬಜಾರಿಗೂ ವಿಶಿಷ್ಟ ಸ್ಥಾನವಿದೆ. ೧೮೯೮ರಲ್ಲಿ ಪ್ಲೇಗು ಮಾರಿ ನಗರವನ್ನು ಆವರಿಸಿದಾಗ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳಿಗೆ ನೆಲೆಯಾದದ್ದು ಬಸವನಗುಡಿ ಮತ್ತು ಮಲ್ಲೇಶ್ವರ. ಹೀಗೆ ಈ ಬಡಾವಣೆಯ ಬೆಳವಣಿಗೆಯ ಮೂಲದಲ್ಲೇ ಸಾರ್ವಜನಿಕ ಆರೋಗ್ಯದ ಪ್ರಶ್ನೆಯೊಂದು ಅಡಗಿತ್ತು. ಒಂದು ಶತಮಾನದ ತರುವಾಯ ಅದೇ ಬೀದಿಗಳಿಗೆ ಇನ್ನೊಂದು ಪ್ರಶ್ನೆ ಎದುರಾಯಿತು. ವರ್ಷಗಟ್ಟಲೆ ಹಾಸಿಗೆ ಹಿಡಿದ, ಮರೆವಿಗೆ ಸಿಲುಕಿದ ಹಿರಿಯರನ್ನು ನೋಡಿಕೊಳ್ಳುವವರು ಯಾರು? ಅವರನ್ನು ನೋಡಿಕೊಳ್ಳುವವರ ಬೆನ್ನಿಗೆ ನಿಲ್ಲುವವರು ಯಾರು? ಮೊದಲ ಪ್ರಶ್ನೆಯ ಚರ್ಚೆ ಸಾಕಷ್ಟು ನಡೆದಿದೆ. ಎರಡನೆಯದರ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಮನೆ, ವಠಾರ, ಆಶ್ರಮ

ಹಳೆಯ ಬಸವನಗುಡಿಯಲ್ಲಿ ಮುದಿತನದ ಆರೈಕೆ ಮನೆಯೊಳಗಿನ ಕೆಲಸವಾಗಿತ್ತು. ಅದರ ಭಾರವನ್ನು ಹೊತ್ತವರು ಹೆಚ್ಚಾಗಿ ಸೊಸೆಯಂದಿರು, ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು ಹಾಗೂ ವಿಧವೆಯರು. ವಠಾರಗಳಲ್ಲಿ ನೆರೆಯವರ ಕೈಯೂ ಕೂಡುತ್ತಿತ್ತು. ಈ ದುಡಿಮೆಗೆ ಸಂಬಳವಿರಲಿಲ್ಲ. ಆದ್ದರಿಂದಲೇ ದಾಖಲೆಗಳಲ್ಲಿ ಅದಕ್ಕೆ ಹೆಸರೂ ಇಲ್ಲ. ಮನೆಯ ಆಸರೆ ತಪ್ಪಿದವರಿಗೆ ದತ್ತಿ ಸಂಸ್ಥೆಗಳೇ ಗತಿ. ದಂಡು ಪ್ರದೇಶದ ಕಡೆ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಎಂಬ ಕ್ರೈಸ್ತ ಸಂನ್ಯಾಸಿನಿಯರ ಬಳಗವು ೧೯೦೦ರಲ್ಲಿ ವೃದ್ಧರಿಗಾಗಿ ಆಶ್ರಯಧಾಮವನ್ನು ಆರಂಭಿಸಿತು. ಇತ್ತ ಬಸವನಗುಡಿಯಲ್ಲಿ, ಇಂದಿನ ಡಿ.ವಿ.ಜಿ. ರಸ್ತೆಯಲ್ಲಿರುವ ಅಬಲಾಶ್ರಮವು ೧೯೦೫ರಲ್ಲಿ ಸ್ಥಾಪಿತವಾಗಿ ನಿರ್ಗತಿಕ ಸ್ತ್ರೀಯರಿಗೆ ಆಸರೆ ನೀಡಿತು. ಎರಡೂ ಕಡೆ ಸೇವೆಯ ಪ್ರೇರಣೆ ಧರ್ಮಬುದ್ಧಿ ಅಥವಾ ಸುಧಾರಣೆಯ ಹಂಬಲವೇ ಹೊರತು ವೃತ್ತಿಯಲ್ಲ.

ಸಂಘ ಕಟ್ಟುವ ಪರಂಪರೆ

ಗಾಂಧಿ ಬಜಾರಿನ ಪರಿಸರಕ್ಕೆ ಸಂಘಜೀವನ ಹೊಸದಲ್ಲ. ಸಮೀಪದ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಸ್ಥಾಪಿತವಾಯಿತು. ೧೯೪೫ರಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ, ಅದೇ ವರ್ಷ ಬಿ.ಪಿ. ವಾಡಿಯಾ ಅವರು ಬಸವನಗುಡಿಯಲ್ಲಿ ವಿಶ್ವ ಸಂಸ್ಕೃತಿಯ ಸಂಸ್ಥೆಯನ್ನೂ ಸ್ಥಾಪಿಸಿದರು. ಓದುವವರು, ಬರೆಯುವವರು, ನಿವೃತ್ತ ಅಧಿಕಾರಿಗಳು ಇಲ್ಲಿ ಸಂಘಗಳನ್ನು ಕಟ್ಟಿಕೊಂಡರು. ಆದರೆ ಅವರನ್ನು ಕೊನೆಗಾಲದಲ್ಲಿ ಎತ್ತಿ ಕೂರಿಸಿದ, ಉಣಿಸಿದ, ತೊಳೆದ ಕೈಗಳಿಗೆ ಸಂಘವಿರಲಿಲ್ಲ.

ವೃತ್ತಿಸಂಘವು ಏನನ್ನು ಸಾಧಿಸಬಲ್ಲದೆಂಬುದಕ್ಕೆ ದಾದಿಯರ ಚರಿತ್ರೆಯೇ ನಿದರ್ಶನ. ಅಬಲಾಶ್ರಮ ಹುಟ್ಟಿದ ೧೯೦೫ರಲ್ಲೇ ಲಖನೌದಲ್ಲಿ ದಾದಿಯರ ಮೇಲ್ವಿಚಾರಕಿಯರು ಸಂಘವೊಂದನ್ನು ರಚಿಸಿಕೊಂಡರು. ೧೯೦೮ರಲ್ಲಿ ಭಾರತದ ತರಬೇತಿ ಪಡೆದ ದಾದಿಯರ ಸಂಘ ರೂಪುಗೊಂಡಿತು. ೧೯೧೦ರಿಂದ ಅದರ ಪತ್ರಿಕೆ ಹೊರಬಂದಿತು. ೧೯೨೨ರಲ್ಲಿ ಎರಡು ಸಂಘಗಳೂ ಒಂದಾದವು. ತರಬೇತಿಯ ಮಟ್ಟ ಹಾಗೂ ನೋಂದಣಿಗಾಗಿ ಈ ಸಂಘ ನಿರಂತರವಾಗಿ ಒತ್ತಾಯಿಸಿತು. ೧೯೪೭ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಜಾರಿಗೆ ಬಂದಿತು. ಸಂಘ ಮೊದಲು, ಶಾಸನ ಆಮೇಲೆ ಎಂಬ ಈ ಕ್ರಮವು ಮುಂದಿನ ವಿವೇಚನೆಗೆ ಮುಖ್ಯವಾದುದು.

'ಹೋಮ್ ನರ್ಸ್' ಎಂಬ ಹೆಸರು

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಸವನಗುಡಿಯ ಮನೆಗಳ ಸ್ವರೂಪ ಬದಲಾಯಿತು. ಮಕ್ಕಳು ಉದ್ಯೋಗ ನಿಮಿತ್ತ ಪರದೇಶಗಳಿಗೆ ತೆರಳಿದರು. ಹೆಣ್ಣುಮಕ್ಕಳು ಹೊರಗೆ ದುಡಿಯತೊಡಗಿದರು. ವಠಾರಗಳು ಕರಗಿ ಬಹುಮಹಡಿ ಮನೆಗಳೆದ್ದವು. ೨೦೧೧ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರ ಪ್ರಮಾಣ ದೇಶದಲ್ಲಿ ಶೇ. ೮.೬ರಷ್ಟಿದ್ದರೆ ಕರ್ನಾಟಕದಲ್ಲಿ ಶೇ. ೯.೫ರಷ್ಟಿತ್ತು. ಈ ತೆರವನ್ನು ತುಂಬಲು ಬಂದವರು ಏಜೆನ್ಸಿಗಳ ಮೂಲಕ ಗೊತ್ತುಮಾಡಿಕೊಂಡ ಆರೈಕೆದಾರರು. ಜನ ಇವರನ್ನು 'ಹೋಮ್ ನರ್ಸ್' ಎಂದೇ ಕರೆಯುತ್ತಾರೆ. ಆದರೆ ಇವರಲ್ಲಿ ಅನೇಕರ ಹೆಸರು ದಾದಿಯರ ನೋಂದಣಿ ಪುಸ್ತಕದಲ್ಲಿಲ್ಲ. ಹೆಸರಿನಲ್ಲಿ ವೃತ್ತಿಯಿದೆ, ವೃತ್ತಿಯ ರಕ್ಷಣೆಯಿಲ್ಲ.

ಇದೇ ಕಾಲದಲ್ಲಿ ಸೇವಾಸಂಸ್ಥೆಗಳೂ ತಲೆಯೆತ್ತಿದವು. ೧೯೯೨ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್‌ಝೈಮರ್ಸ್ ಮತ್ತು ಸಂಬಂಧಿತ ಕಾಯಿಲೆಗಳ ಸಂಘವು ಬೆಂಗಳೂರಿನಲ್ಲಿಯೂ ಶಾಖೆಯನ್ನು ಹೊಂದಿತು. ೨೦೧೦ರ ಅದರ ವರದಿಯು ದೇಶದಲ್ಲಿ ಸುಮಾರು ೩೭ ಲಕ್ಷ ಮಂದಿ ಮರೆವಿನ ಕಾಯಿಲೆಯಿಂದ ಬಳಲುತ್ತಿರುವರೆಂದು ಅಂದಾಜು ಮಾಡಿತು. ೧೯೯೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ನಗರ ಪೊಲೀಸರೊಡಗೂಡಿ ೨೦೦೨ರಲ್ಲಿ ೧೦೯೦ ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಆರಂಭಿಸಿತು. ನಿವೃತ್ತರ ವಸತಿಗಳನ್ನು ಕಟ್ಟಿ ನಡೆಸುವ ಸಂಸ್ಥೆಗಳು ೨೦೧೦ರ ದಶಕದಲ್ಲಿ ರಾಷ್ಟ್ರಮಟ್ಟದ ಸಂಘವನ್ನು ರಚಿಸಿಕೊಂಡವು. ಹಿರಿಯ ನಾಗರಿಕರು ತಮ್ಮದೇ ವೇದಿಕೆಗಳನ್ನೂ ಒಕ್ಕೂಟಗಳನ್ನೂ ಕಟ್ಟಿಕೊಂಡರು. ಹೀಗೆ ರೋಗಕ್ಕೆ ಸಂಘವಾಯಿತು, ಸಂಸ್ಥೆಗಳ ಒಡೆಯರಿಗೆ ಸಂಘವಾಯಿತು, ಹಿರಿಯರಿಗೂ ಸಂಘವಾಯಿತು. ರಾತ್ರಿಯಿಡೀ ಎಚ್ಚರವಿದ್ದು ಮಗ್ಗುಲು ಬದಲಿಸುವವರಿಗೆ ಮಾತ್ರ ಅಷ್ಟೇ ಗಟ್ಟಿಯಾದ ವೃತ್ತಿಸಂಘ ಒದಗಲಿಲ್ಲ.

ಶಾಸನದ ನೋಟ

೧೯೯೯ರ ರಾಷ್ಟ್ರೀಯ ವೃದ್ಧರ ನೀತಿ ಹಾಗೂ ೨೦೦೭ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಈ ಕ್ಷೇತ್ರದ ಮುಖ್ಯ ಘಟ್ಟಗಳು. ಕಾಯಿದೆಯು ಮಕ್ಕಳ ಕರ್ತವ್ಯವನ್ನೂ ಜಿಲ್ಲೆಗೊಂದು ವೃದ್ಧಾಶ್ರಮದ ಆಶಯವನ್ನೂ ಹೇಳಿತು. ಆರೈಕೆದಾರರ ಬಗೆಗೆ ಮೌನವಾಗಿತ್ತು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ೨೦೦೪ರಲ್ಲಿ ಗೊತ್ತುಪಡಿಸಿ ಕರ್ನಾಟಕವು ದಾರಿ ತೋರಿತ್ತಾದರೂ ಹಿರಿಯರ ಆರೈಕೆಯ ಕುಶಲತೆಗೆ ಅದು ಉತ್ತರವಾಗಲಾರದು. ೨೦೧೯ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ತಿದ್ದುಪಡಿ ಮಸೂದೆಯು ಆರೈಕೆ ಗೃಹಗಳ ಹಾಗೂ ಮನೆ ಆರೈಕೆ ಏಜೆನ್ಸಿಗಳ ನೋಂದಣಿಯನ್ನು, ಕನಿಷ್ಠ ಗುಣಮಟ್ಟವನ್ನು ವಿಧಿಸಲು ಹೊರಟಿತ್ತು. ೨೦೨೪ರಲ್ಲಿ ಹದಿನೇಳನೆಯ ಲೋಕಸಭೆ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ದಾದಿಯರ ಶಾಸನದ ಹಿಂದೆ ನಾಲ್ಕು ದಶಕಗಳ ಸಂಘಬಲವಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಆರೈಕೆದಾರರ ವೃತ್ತಿಸಂಘವು ನಿರ್ವಹಿಸಬೇಕಾದ ಹೊಣೆಗಳು ಸ್ಪಷ್ಟವಾಗುತ್ತವೆ. ಏಕರೂಪದ ತರಬೇತಿ ಮತ್ತು ಅರ್ಹತಾಪತ್ರ, ದುಡಿಮೆಯ ವೇಳೆ ಹಾಗೂ ವಾರದ ರಜೆಯ ನಿಯಮ, ದೂರು ಬಂದಾಗ ಎರಡೂ ಕಡೆಯವರನ್ನು ಕೇಳುವ ಏರ್ಪಾಡು, ಶಾಸನ ರೂಪಿಸುವವರ ಮುಂದೆ ಪ್ರಾತಿನಿಧ್ಯ ಇವು ಮುಖ್ಯವಾದವು. ಇವು ಆರೈಕೆದಾರರಿಗಷ್ಟೇ ಹಿತವಲ್ಲ. ದಣಿದ, ಕಲಿಯದ, ನಾಳೆ ಇರುವರೋ ಇಲ್ಲವೋ ತಿಳಿಯದ ಕೈಗಳಲ್ಲಿ ಹಿರಿಯ ಜೀವವೂ ಸುರಕ್ಷಿತವಲ್ಲ. ಮಾತು ಮರೆತ ಹಿರಿಯರ ಪರವಾಗಿ ಮೊದಲು ಮಾತಾಡಬಲ್ಲವರು ಅವರ ಪಕ್ಕದಲ್ಲಿರುವವರೇ; ಅವರ ಮಾತಿಗೆ ಬೆಲೆ ಬರಬೇಕಾದರೆ ಅದರ ಹಿಂದೆ ಸಂಘವೊಂದು ಇರಬೇಕಾಗುತ್ತದೆ. ಇಷ್ಟೊಂದು ಸಂಘಗಳನ್ನು ಕಟ್ಟಿ ಬೆಳೆಸಿದ ಬಸವನಗುಡಿಯ ಪರಂಪರೆಗೆ ಈ ಕೆಲಸ ಶಕ್ತಿಮೀರಿದ್ದೇನಲ್ಲ.